ಮಗಳಿಗೆ ಕಲಿಸದ ಕೆಲಸ

ರಾಜೇಶ್ವರಿ ಕಡಲೆ ಗಿಡದ ಎಲೆಯೊಂದನ್ನು ಕಿತ್ತು ನಾಲಿಗೆಯ ಮೇಲಿಟ್ಟುಕೊಂಡು ಮುಖ ಹಿಂಡಿದಳು. ಇಷ್ಟು ಹುಳಿ ಯಾಕೆ, ಇದು ಎಲೆಯೊಳಗಿನದೋ ಮೇಲೆ ಕೂತ ಇಬ್ಬನಿಯದೋ ಎಂದು ಕೇಳಿದಳು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೂತೇ ಕಳೆದ ಹೆಂಗಸು. ನಿವೃತ್ತಿಯಾದ ಮೇಲೆ ನಡೆಯಲು ಶುರುಮಾಡಿದ್ದಳು, ನಡೆಯುತ್ತ ಕಂಡದ್ದನ್ನೆಲ್ಲ ಕೇಳಲೂ ಶುರುಮಾಡಿದ್ದಳು. ಜೊತೆಗೆ ನಡೆಯುತ್ತಿದ್ದ ಜಹೀರಾ ತನಗೆ ಗೊತ್ತಿದ್ದಷ್ಟು ಹೇಳಿದಳು. ಹಿಂದೆ ರಾತ್ರಿ ಗಿಡದ ಮೇಲೆ ಅರಿವೆ ಹಾಸಿ, ಬೆಳಿಗ್ಗೆ ಹಿಂಡಿ ಹುಳಿ ತೆಗೆಯುತ್ತಿದ್ದರು, ಹೊಟ್ಟೆನೋವಿಗೆ ಕುಡಿಸುತ್ತಿದ್ದರು. ರಾಜೇಶ್ವರಿ ಅದನ್ನು ಫೋನಿನಲ್ಲಿ ಬರೆದುಕೊಂಡಳು.

ಧಾರವಾಡದ ಹನ್ನೊಂದು ಮಂದಿ ಬೆಳಿಗ್ಗೆ ಯಮನೂರಿನಲ್ಲಿ ಬಸ್ಸಿಳಿದು, ದರ್ಗಾಕ್ಕೆ ಕೈ ಮುಗಿಯುವವರು ಮುಗಿದು, ಉಳಿದವರು ಚಹಾ ಕುಡಿದು, ಹೊಲದ ದಾರಿ ಹಿಡಿದು ನವಲಗುಂದಕ್ಕೆ ಹೊರಟಿದ್ದರು. ತಿಂಗಳಿಗೊಂದು ಭಾನುವಾರ ಹೀಗೆ ಯಾವುದಾದರೂ ಊರಿನಿಂದ ಯಾವುದಾದರೂ ಊರಿಗೆ ನಡೆಯುವುದು ಅವರ ರೂಢಿ. ಮುಂದಾಳು ಹನಮಪ್ಪ, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ ಆಗಿದ್ದವನು. ಸಕ್ಕರೆ ಕಾಯಿಲೆಗೆಂದು ಗುಂಪಿಗೆ ಸೇರಿದ ಜಹೀರಾ ನರ್ಸ್ ಆಗಿದ್ದವಳಾದ್ದರಿಂದ ಎಲ್ಲರಿಗೂ ಸಿಸ್ಟರ್. ಈ ಸಲದ ದಾರಿ ಅವಳು ಸೂಚಿಸಿದ್ದು. ನವಲಗುಂದದಲ್ಲಿ ಏನಿದೆ ಎಂದು ಹನಮಪ್ಪ ಕೇಳಿದ್ದಕ್ಕೆ, ತನ್ನ ತವರುಮನೆಯಲ್ಲಿ ಜಮಖಾನೆ ನೇಯುವುದನ್ನು ತೋರಿಸುತ್ತೇನೆ ಎಂದಿದ್ದಳು. ಅದನ್ನು ತಾನೇ ಪೂರ್ತಿ ನೋಡಿಲ್ಲ ಎಂದು ಹೇಳಿರಲಿಲ್ಲ.

ಆ ಮನೆಯಲ್ಲಿ ಜಮಖಾನೆಯ ಕೆಲಸ ಸೊಸೆಯಂದಿರದು. ಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು. ಕಲಿಸಿದರೆ ಕೆಲಸವೂ ಅವಳ ಬೆನ್ನು ಹತ್ತಿ ಹೋಗುತ್ತದೆ. ಹುಡುಗಿಯಾಗಿದ್ದಾಗ ಜಹೀರಾ ನೂಲು ಸುತ್ತಬಹುದಿತ್ತು, ಬಣ್ಣ ಬೇರೆ ಮಾಡಿ ಇಡಬಹುದಿತ್ತು. ಎರಡು ಬಣ್ಣ ಕೂಡುವ ಜಾಗ ಬಂತೆಂದರೆ ತಾಯಿ ಜಮಾಲಬಿ ನೀರು ತಾ ಎನ್ನುತ್ತಿದ್ದಳು. ಬಾಯಾರಿಕೆಯೇ ಇಲ್ಲದ ಆ ಹೆಂಗಸು ದಿನಕ್ಕೆ ಇಪ್ಪತ್ತು ಸಲ ನೀರು ಕೇಳುತ್ತಿದ್ದಳು. ಜಹೀರಾ ಚೊಂಬು ಹಿಡಿದು ಬರುವಷ್ಟರಲ್ಲಿ ಕೆಂಪು ಹಳದಿಯನ್ನು ದಾಟಿ ಮುಂದೆ ಹೋಗಿರುತ್ತಿತ್ತು.

ತಾಯಿ ತೀರಿದ ಮೇಲೆ ಮಗ್ಗ ಅಣ್ಣ ರಸೂಲಸಾಬನ ಹೆಂಡತಿ ಮೌಲಾಬಿಯ ಕೈಗೆ ಬಂತು. ಜಹೀರಾ ತವರಿಗೆ ಹೋದಾಗಲೆಲ್ಲ ಮೌಲಾಬಿ ಮೊದಲು ಮಗ್ಗದ ಮೇಲೊಂದು ಚಾದರ ಎಸೆದು, ಆಮೇಲೆ ಎದ್ದು ಬಂದು ತಬ್ಬಿಕೊಳ್ಳುತ್ತಿದ್ದಳು. ಆಪರೇಷನ್ ಟೇಬಲ್ಲಿನ ಪಕ್ಕ ನಿಂತು ನೂರಾರು ಹೊಟ್ಟೆಗಳ ಒಳಗನ್ನು ನೋಡಿದವಳಿಗೆ, ಕೆಂಪು ನೂಲು ಹಳದಿ ನೂಲನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದು ಐವತ್ತೆಂಟು ವರ್ಷವಾದರೂ ಗೊತ್ತಿರಲಿಲ್ಲ. ಹತ್ತು ಮಂದಿ ಅತಿಥಿಗಳ ಎದುರು ಭಾಭಿ ಚಾದರ ಎಸೆಯಲಾರಳು, ಇಷ್ಟೇ ಅವಳ ಅಂದಾಜು.

ಅಂದಾಜು ಸರಿಯಾಯಿತು. ಮಧ್ಯಾಹ್ನ ಓಣಿಯ ಆ ಮನೆಯಲ್ಲಿ ಎಲ್ಲರೂ ಒತ್ತಿಕೊಂಡು ಕೂತಾಗ ಮೌಲಾಬಿಗೆ ಖುಷಿಯೇ ಆಗಿತ್ತು. ಮಗ್ಗ ನೆಲದಿಂದ ಜಂತಿಯವರೆಗೆ ನೆಟ್ಟಗೆ ನಿಂತಿತ್ತು. ಹಾಸಿನ ಬಿಳಿ ಎಳೆಗಳ ಮೇಲೆ ಹಳದಿ ನೆಲದಲ್ಲೊಂದು ಕೆಂಪು ನವಿಲು ಕೊರಳಿನವರೆಗೆ ಎದ್ದಿತ್ತು. ರಾಜೇಶ್ವರಿ ತಾನು ಕೂತ ಜಮಖಾನೆಯ ಮೂಲೆ ಮಗುಚಿ ನೋಡಿ, ಎರಡೂ ಮಗ್ಗಲು ಒಂದೇ ಥರ ಇದೆಯಲ್ಲ, ಉಲ್ಟಾ ಯಾವುದು ಸುಲ್ಟಾ ಯಾವುದು ಎಂದು ಕೇಳಿದಳು. ಉಲ್ಟಾ ಅನ್ನೋದೇ ಇಲ್ಲ ಎಂದು ಮೌಲಾಬಿ ನಕ್ಕಳು. ಎಳೆಗಳನ್ನು ಬಡಿದು ಕೂಡಿಸುವ ಕಬ್ಬಿಣದ ಪಂಜಾ ಎತ್ತಿ ತೋರಿಸಿದಳು. ಅದರ ಹಲ್ಲು ಎಷ್ಟು, ತೂಕ ಎಷ್ಟು, ಮಾಡುವವರು ಯಾರು, ಎಲ್ಲ ಹೇಳಿದಳು.

ಜಹೀರಾ ಗೋಡೆಗುಂಟ ಸರಿಯುತ್ತ ಬಂದು ಮಗ್ಗದ ಕಂಬದ ಬಾಜು ನಿಂತಳು. ಮೌಲಾಬಿಯ ಕೈ ನಿಂತಿತು.

"ಜಹೀರಾ, ಚಾ ಇಡವಾ. ಮಂದಿ ನಡಕೊಂಡ ಬಂದಾರ."

ಜಹೀರಾ ಅಡುಗೆಮನೆಗೆ ಹೋದಳು. ನೀರು ಕಾಯುವಾಗ ಹೊರಗಿನಿಂದ ಪಂಜಾದ ಸಪ್ಪಳ ಕೇಳಿತು. ಈ ಬಣ್ಣ ಇಲ್ಲೀತನ ಬರ್ತದ್ರಿ, ಆ ಬಣ್ಣ ಆ ಕಡಿಯಿಂದ, ಹಾಂ, ಹಿಂಗ, ಎನ್ನುವ ಮೌಲಾಬಿಯ ದನಿ ಕೇಳಿತು. ಹಿಂಗ ಅಂದರೆ ಹೆಂಗ ಎಂಬುದು ಗೋಡೆಯಾಚೆ ಉಳಿಯಿತು. ಅವಳು ಗ್ಯಾಸ್ ಆರಿಸಿ ಹೊರಗೆ ಬಂದಳು. ರಾಜೇಶ್ವರಿ ಮಗ್ಗದ ಮುಂದೆ ಕೂತಿದ್ದಳು. ಮೌಲಾಬಿ ಅವಳ ಬೆರಳು ಹಿಡಿದು ನೂಲು ತೂರಿಸುತ್ತಿದ್ದಳು. ಜಹೀರಾಳನ್ನು ಕಂಡು ಎರಡೂ ಕೈಯಿಂದ ಆ ಜಾಗ ಮುಚ್ಚಿದಳು.

ಅತ್ತಿಗೆ ನಾದಿನಿ ತಮ್ಮೊಳಗೆ ಮಾತಾಡುವುದು ಉರ್ದುವಿನಲ್ಲಿ. ಜಹೀರಾ ಬೇಕೆಂದೇ ಕನ್ನಡದಲ್ಲಿ ಕೇಳಿದಳು.

"ಭಾಭಿ, ಇವರಿಗೆ ಕೈ ಹಿಡದ ಕಲಸ್ತಿ. ನಾ ನೋಡಬಾರದನ?"

"ಇವರು ನಾಳಿಗೆ ಮರೀತಾರ. ನೀ ಮರಿಯೂದಿಲ್ಲ."

"ಐವತ್ತೆಂಟ ಆತ ನನಗ. ಇನ್ನ ಯಾರ ಮನಿಗೆ ಒಯ್ಲಿ ಇದನ್ನ?"

"ನನ್ನ ಕೇಳಬ್ಯಾಡ," ಎಂದಳು ಮೌಲಾಬಿ. "ನಿಮ್ಮವ್ವ ಈ ಪಂಜಾದ ಮ್ಯಾಲ ನನ್ನ ಕೈ ಇಡಿಸ್ಯಾಳ. ಮನಿ ಮಗಳಿಗೆ ನೇಯೂದ ತೋರಸೂದಿಲ್ಲ ಅಂತ ಬಾಯಿಬಿಟ್ಟ ಅನಿಸ್ಯಾಳ. ಆಕಿ ಸತ್ತಳಂತ ಮಾತ ಸಾಯ್ತದನ?"

ತನ್ನ ಹೆಂಡತಿ ಉಪ್ಪಿನಕಾಯಿ ಮಸಾಲೆ ಏನೆಂದು ನಲವತ್ತು ವರ್ಷವಾದರೂ ತನಗೆ ಹೇಳಿಲ್ಲ ಎಂದು ಹನಮಪ್ಪ ತಮಾಷೆ ಮಾಡಿದ. ಒಬ್ಬರೋ ಇಬ್ಬರೋ ನಕ್ಕರು. ರಾಜೇಶ್ವರಿಗೆ ಸುಮ್ಮನಿರಲು ಬರುವುದಿಲ್ಲ. ಹಾಗಾದರೆ ನಿಮ್ಮ ಸೊಸೆ ಕಲಿತಿದ್ದಾಳೋ ಎಂದು ಕೇಳಿದಳು.

"ಸೊಸಿ ಅಣ್ಣಿಗೇರಿ ಸಾಲ್ಯಾಗ ಟೀಚರ್ ಅದಾಳ್ರಿ," ಎಂದಳು ಮೌಲಾಬಿ. "ಶನಿವಾರ ಬರ್ತಾಳ. ಇಲ್ಲೇ ಕುಂತ ಪೇಪರ್ ತಿದ್ದತಾಳ. ಇದಕ್ಕ ಬೆನ್ನ ಹಚ್ಚಿ ಕುಂಡರ್ತಾಳ, ಅಷ್ಟ."

ಜಹೀರಾ ಒಳಗೆ ಹೋಗಿ ಚಹಾ ಮುಗಿಸಿ ತಂದಳು. ಸಕ್ಕರೆ ಹೆಚ್ಚಾಗಿದೆ ಎಂದು ಯಾರೋ ಅಂದರು. ತನ್ನ ಕಪ್ಪಿಗೂ ಹಾಕಿಕೊಂಡಿದ್ದನ್ನು ಆಗ ನೋಡಿಕೊಂಡಳು. ಅಷ್ಟರಲ್ಲಿ ರಾಜೇಶ್ವರಿಯ ಒಂದು ಸಾಲು ಮುಗಿದಿತ್ತು. ನೂಲು ಬಿಗಿ ಎಳೆದು ಹಾಸು ಒಂದು ಕಡೆ ಸೊಟ್ಟಗಾಗಿತ್ತು, ನವಿಲಿನ ಕೊರಳ ಮೇಲೊಂದು ಗಂಟು ಎದ್ದಿತ್ತು. ಭಾಳ ಛಲೋ ಆತ್ರಿ ಎಂದು ಮೌಲಾಬಿ ಹೊಗಳಿದಳು. ರಾಜೇಶ್ವರಿ ಅದರ ಫೋಟೋ ತೆಗೆದುಕೊಂಡಳು.

ನಾಲ್ಕೂಕಾಲರ ಹುಬ್ಬಳ್ಳಿ ಬಸ್ಸು ಹಿಡಿಯಬೇಕೆಂದು ಹನಮಪ್ಪ ಎಲ್ಲರನ್ನೂ ಎಬ್ಬಿಸಿದ. ಕಟ್ಟೆಯ ಮೇಲೆ ಕೂತು ಬೂಟು ಹಾಕಿಕೊಂಡು ಒಬ್ಬೊಬ್ಬರೇ ಓಣಿಗಿಳಿದರು. ಜಹೀರಾ ಕಪ್ಪು ತೊಳೆದಿಟ್ಟು ಕೊನೆಗೆ ಬಂದಳು. ಬರ್ತೀನಿ ಭಾಭಿ ಎಂದು ಉರ್ದುವಿನಲ್ಲಿ ಹೇಳಿದಳು. ಹೊಸ್ತಿಲಲ್ಲೇ ಓಣಿಗೆ ಬೆನ್ನು ಮಾಡಿ ಕೂತು ಬೂಟು ಎಳೆದುಕೊಂಡಳು.

ಒಳಗೆ ಮೌಲಾಬಿ ಚಾಳೀಸು ಮೂಗಿಗೇರಿಸಿಕೊಂಡು ಮಗ್ಗದ ಮುಂದೆ ಕೂತಳು. ಕೆಟ್ಟ ಸಾಲು ಬಿಚ್ಚಬೇಕಿತ್ತು. ಕೂತವಳು ಮತ್ತೆ ಎದ್ದು, ಮಣೆಯನ್ನು ಕಾಲಿನಿಂದ ನೂಕಿ, ಕಂಬದ ಬಲಕ್ಕೆ ಸರಿದು ಕೂತಳು. ಅವಳ ಬೆನ್ನು ಇದ್ದ ಜಾಗದಲ್ಲಿ ಈಗ ಬಾಗಿಲಿನ ಬೆಳಕು ನೇರ ನವಿಲಿನ ಮೇಲೆ ಬಿತ್ತು.

ಅಷ್ಟು ಉದ್ದದ ಸಾಲನ್ನು ಒಂದೇ ಎಳೆತಕ್ಕೆ ಕಿತ್ತು ಹಾಕಬಹುದಿತ್ತು. ಮೌಲಾಬಿ ಹಾಗೆ ಮಾಡಲಿಲ್ಲ. ಕೆಂಪು ಎಳೆಯನ್ನು ಬೆರಳತುದಿಯಿಂದ ಸಡಿಲಿಸಿದಳು. ಅದು ಹಳದಿಯ ಹೊಟ್ಟೆಯೊಳಗೆ ಹೊಕ್ಕು, ಕೊಕ್ಕೆಯ ಹಾಗೆ ಬಾಗಿ, ತಾನು ಬಂದ ಕಡೆಗೇ ತಿರುಗಿತ್ತು. ಆ ಕೊಕ್ಕೆಯೊಳಗೆ ಒಂದು ಬೆರಳಿಟ್ಟು ಹಾಗೇ ಹಿಡಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಳು. ಆಮೇಲೆ ಬಿಚ್ಚಿದಳು. ಮುಂದಿನದಕ್ಕೆ ಹೋದಳು.

"ಸಿಸ್ಟರ್, ಬಸ್ಸ ತಪ್ಪತೈತ್ರಿ," ಎಂದು ಓಣಿಯ ತಿರುವಿನಿಂದ ರಾಜೇಶ್ವರಿ ಕೂಗಿದಳು.

ಜಹೀರಾ ತಿರುಗಿ ನೋಡದೆ ಒಂದು ಕೈ ಎತ್ತಿದಳು. ಎಡಗಾಲಿನ ಲೇಸು ಕಟ್ಟಿ ಆಗಿತ್ತು. ಅದನ್ನು ಬಿಚ್ಚಿ, ಕೆಳಗಿನ ತೂತಿನಿಂದ ಮತ್ತೆ ಪೋಣಿಸತೊಡಗಿದಳು.