ಮೂರನೆಯ ಕೊಡ

ಓಬಳೆಪ್ಪ ಹೊಲದಿಂದ ಬೆಲ್ಲದ ಹೆಂಟೆ ಹಿಡಿದುಕೊಂಡು ಬಂದದ್ದನ್ನು ಕಂಡಾಗಲೇ ಅವನ ಹೆಂಡತಿ ಹೊಳಿಯಮ್ಮನಿಗೆ ಸಂಶಯ ಬಂತು. ಊರಿನ ಸಾಹುಕಾರ ಹಂಪಣ್ಣನ ಮನೆಯಲ್ಲಿ ಹತ್ತು ವರ್ಷ ದುಡಿದರೂ ಆ ಮನೆಯ ಯಜಮಾನಿ ವಿರೂಪಾಕ್ಷಮ್ಮ ಇವನಿಗೆ ಬೆಲ್ಲ ಕೊಟ್ಟವಳಲ್ಲ.

"ಯಾಕ ಕೊಟ್ರು?"

"ನಿನ್ನ ಹೆಸರಿಗೆ ಕೊಟ್ಟಾರ ತಗೋ," ಓಬಳೆಪ್ಪ ಹಿಗ್ಗಿ ಹೇಳಿದ. "ಮೂರು ಕೊಡ ನೀರು ಹೆಂಗ ಸಾಲ್ತಾವೋ ಅಂದ್ರು. ನಮ್ಮಾಕಿ ಎರಡರಾಗ ದಿನಾ ದೂಡ್ತಾಳ್ರಿ, ಮೂರನೇದು ಹರವ್ಯಾಗ ಉಳೀತೈತಿ ಅಂದೆ. ಭಾಳ ಖುಷಿ ಆದ್ರು. ಮುಂಜಾನಿ ತಾವ ಬಂದು ನೋಡ್ತಾರಂತ."

ಹೊಳಿಯಮ್ಮ ನೀರು ತುಂಬಿಡುವ ಮಣ್ಣಿನ ಹರವಿಯ ಮುಚ್ಚಳ ತೆಗೆದು ನೋಡಿದಳು.

ಇದು ನಿಜಾಮರ ಕಾಲದ ಮಾತು, ತಾವರಗೇರಾ ಕಡೆಯ ಹಳ್ಳಿ. ಕೇರಿಯ ಹನ್ನೊಂದು ಮನೆಗಳಿಗೆ ಸ್ವಂತ ಬಾವಿ ಇರಲಿಲ್ಲ, ಹಂಪಣ್ಣನ ಬಾವಿಯ ಹಗ್ಗ ಅವರು ಮುಟ್ಟುವಂತಿರಲಿಲ್ಲ. ದೂರದಲ್ಲಿ ಕೊಡ ಇಟ್ಟು ನಿಂತರೆ ಆಳು ಕಳಕಪ್ಪ ಸೇದಿ ಮೇಲಿಂದ ಹೊಯ್ಯುತ್ತಿದ್ದ. ಮನೆಗೆ ಮೂರು ಕೊಡ, ದಿನಕ್ಕೆ ಒಂದೇ ಸಲ. ಆ ಬಾವಿಯನ್ನು ತೋಡಿದವರು ಓಬಳೆಪ್ಪನ ಅಪ್ಪ ಮತ್ತು ಅವನಂಥ ಹತ್ತು ಜನ. ನೀರು ಬಿದ್ದ ದಿನದಿಂದ ಅವರ ಕೈ ಮೈಲಿಗೆಯಾಯಿತು.

ಮೂರರಲ್ಲಿ ಒಂದನ್ನು ಉಳಿಸುವುದು ಹೊಳಿಯಮ್ಮನ ಕೈಗುಣ. ಪಾತ್ರೆಗೆ ಒಣಬೂದಿ ಹಚ್ಚಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಕಡೆಗೆ ಒಂದೇ ಚಿಪ್ಪು ನೀರು. ಜಳಕವೆಲ್ಲ ಅಗಲವಾದ ಬಾನಿಯಲ್ಲಿ ನಿಂತೇ ಆಗಬೇಕು. ಆ ನೀರಿನಲ್ಲಿ ಬಟ್ಟೆ ಒಗೆತ, ಒಗೆದ ನೀರಿನಲ್ಲಿ ಸಗಣಿ ಕಲಸಿ ನೆಲ ಸಾರಿಸುವುದು. ಉಳಿದ ಕೊಡ ಎಷ್ಟೋ ದಿನ ಪಕ್ಕದ ಫಕೀರಮ್ಮನ ಬಾಣಂತಿ ಮಗಳಿಗೆ ಹೋಗುತ್ತಿತ್ತು.

ಹೊಗಳಿಕೆಯ ಆಸೆಗೆ ಗಂಡ ಇದನ್ನೆಲ್ಲ ಹೋಗಿ ಒದರಿ ಬಂದಿದ್ದ. ಹಂಪಣ್ಣನ ಹೊಲದಲ್ಲಿ ಮೊನ್ನೆಯಷ್ಟೇ ನೂರು ದಾಳಿಂಬೆ ಸಸಿ ನೆಟ್ಟಿದ್ದರು. ಸಸಿಗೆ ನೀರು ಎಲ್ಲಿಂದ ಬರಬೇಕು? ಈ ಮನೆಗೆ ಎರಡು ಕೊಡ ಸಾಕೆಂದು ಕಣ್ಣಾರೆ ಕಂಡರೆ ನಾಳೆಯಿಂದ ಹನ್ನೊಂದು ಮನೆಗೂ ಎರಡೇ. ಹೊಳಿಯಮ್ಮ ಬೆಲ್ಲವನ್ನು ಮುಟ್ಟಲಿಲ್ಲ.

ಉಳಿದ ನೀರನ್ನು ಹೊತ್ತು ಮೂಡುವ ಮೊದಲೇ ಫಕೀರಮ್ಮನ ಮನೆಗೆ ಸಾಗಿಸಿಬಿಟ್ಟರೆ ತೋರಿಸಲು ಏನೂ ಇರುವುದಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಬೆಳಕು ಹರಿಯುತ್ತಲೇ ಹರವಿಯಿಂದ ಕೊಡ ತುಂಬಿ ಹೊಸಿಲು ದಾಟಿದಳು. ಎದುರಿಗೇ ವಿರೂಪಾಕ್ಷಮ್ಮ! ಎಂದೂ ಕೇರಿಯ ಕಡೆ ಮುಖ ಹಾಕದವಳು ಸೆರಗು ಒಟ್ಟಿ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದಳು.

"ಅದನ ಏನ ಹೊಳಿಯವ್ವ, ನಿನ್ನೆ ಉಳಿದ ನೀರು?" ದನಿಯಲ್ಲಿ ಸಕ್ಕರೆ. "ಛಲೋ ಸಂಸಾರಸ್ಥಳು ನೀ. ಹೆಂಗ ಉಳಸ್ತಿ, ನಮಗೂ ಒಂದೀಟು ಹೇಳು."

ಹೊಳಿಯಮ್ಮ ಆ ಮುಖವನ್ನೇ ನೋಡಿದಳು. ನಗು ತುಟಿಯ ಮೇಲಿತ್ತು, ಕಣ್ಣು ಕೊಡದ ಮೇಲಿತ್ತು.

"ಉಳಿದದ್ದಲ್ರೀ ಅವ್ವಾರ. ಕಾಲು ತೊಳ್ಕೊಳ್ಳಾಕ ತಂದೀನಿ," ಎಂದು ಇಡೀ ಕೊಡವನ್ನು ಕಾಲ ಮೇಲೆ ಸುರಿದುಕೊಂಡಳು. ಒಣ ಮಣ್ಣು ನೋಡನೋಡುತ್ತ ಅಷ್ಟನ್ನೂ ಕುಡಿದುಬಿಟ್ಟಿತು.

"ಏ, ಹುಚ್ಚು ಹಿಡದೈತೇನಬೇ ನಿನಗ?" ಓಬಳೆಪ್ಪ ಒಳಗಿನಿಂದ ಓಡಿಬಂದ. "ನೀನ ಉಳಿಸಿದ ನೀರು..."

"ಬಾಯಿ ಮುಚ್ಚು!" ಹೊಳಿಯಮ್ಮ ಗದರಿದಳು. "ನಿನ್ನೆ ಶೇಂದಿ ಕುಡದು ಏನೇನೋ ಒದರ್ಯಾನ್ರಿ ಅವ್ವಾರ. ಮೂರು ಕೊಡ ನಮಗ ಮಧ್ಯಾಹ್ನಕ್ಕ ಖಾಲಿ."

ಓಬಳೆಪ್ಪ ಶೇಂದಿ ಮುಟ್ಟದ ಮನುಷ್ಯ. ಹೆಂಡತಿಯ ಕಣ್ಣು ತುಂಬಿದ್ದು ಕಂಡು ಅವನಿಗೆ ಈಗ ಎಲ್ಲ ತಿಳಿಯಿತು. "ಹೌದ್ರಿ," ಎಂದು ತಲೆ ತಗ್ಗಿಸಿದ.

ಕೆಸರು ಸಿಡಿದೀತೆಂದು ವಿರೂಪಾಕ್ಷಮ್ಮ ಹಿಂದೆ ಸರಿದು ಬಾವಿಯ ಕಡೆ ಹೊರಟುಹೋದಳು. ಹೊಳಿಯಮ್ಮ ಇನ್ನೂ ಹೆದರಿದಳು. ಚೆಲ್ಲಿದ್ದಕ್ಕೇ ಕಡಿಮೆ ಮಾಡಿದರೆ?

ನೀರು ಹೊಯ್ಯುವ ಹೊತ್ತಿಗೆ ಬಾವಿಯ ಹತ್ತಿರ ಕಳಕಪ್ಪ ಹೊಳಿಯಮ್ಮನ ಎರಡನೆಯ ಕೊಡ ತುಂಬಿಸಿ ಹಗ್ಗ ನಿಲ್ಲಿಸಿದ. ಯಜಮಾನಿಯ ಕಡೆ ನೋಡಿದ. ಹನ್ನೊಂದು ಮನೆಯ ಹೆಂಗಸರು ಆ ಹಗ್ಗವನ್ನೇ ನೋಡುತ್ತ ನಿಂತರು.

"ಹಾಕು, ಹಾಕು," ವಿರೂಪಾಕ್ಷಮ್ಮ ಮುಖ ಸಿಂಡರಿಸಿದಳು. "ಎರಡ ಕೊಟ್ರ ಇವು ಬಾಯಿ ಬಡಕೊಂಡು ಓಣಿ ತುಂಬ ತಿರಗ್ತಾವ. ನೀರು ಬಳಸೂದು ಇವರ ಜಾತಿಗೇ ಗೊತ್ತಿಲ್ಲ. ಏ ಹೊಳಿಯವ್ವ, ಬ್ಯಾಳಿ ತೊಳದ ನೀರು ಚೆಲ್ಲಬಾರದು, ದನಕ್ಕ ಇಡಬೇಕು. ತಿಳೀತಿಲ್ಲ?"

ಬೇಳೆ ಕಂಡು ಹೊಳಿಯಮ್ಮನಿಗೆ ಎರಡು ತಿಂಗಳಾಗಿತ್ತು. ಮೂರನೆಯ ಕೊಡ ಕಂಠದವರೆಗೆ ತುಂಬುವ ತನಕ ಅವಳು ತಲೆ ಎತ್ತಲಿಲ್ಲ.

"ತಿಳೀತ್ರಿ ಅವ್ವಾರ," ಎಂದಳು. "ನೀವು ಹೇಳಿದ್ದಕ್ಕ ತಿಳೀತ್ರಿ."