ಗೊತ್ತಿದ್ದ ಅಪರಾಧ

“ಕೊಡ ಹೊರುವ ಸೊಂಟ ಮಾರಾಯ್ತಿ ನಿನ್ನದು. ಮೀಟರ್ ಹಿಡಿದು ಎಂತ ಮಾಡ್ತಿ? ಅಳತೆ ತೆಗೆದು ರವಕೆ ಹೊಲಿತಿಯಾ?”

ಮ್ಯಾನೇಜರ್ ಕರುಣಾಕರ ರಾಯರು ಇದನ್ನು ಬೈಗುಳವೆಂದು ಹೇಳಲಿಲ್ಲ, ತಮಾಷೆಯೆಂದೇ ಹೇಳಿದರು. ಅವರ ತಮಾಷೆಗೆ ನಗುವುದು ನಮ್ಮ ಕೆಲಸದ ಒಂದು ಭಾಗವಾಗಿದ್ದರಿಂದ ಬಾಗಿಲಲ್ಲಿ ನಿಂತಿದ್ದ ಮೂವರಲ್ಲಿ ಇಬ್ಬರು ನಕ್ಕೆವು. ಮೂರನೆಯವಳು ಕೆಮ್ಮಣ್ಣು ಊರಿನ ಒಲಿಂಡಾ ಬಾಯಿ. ನಗಬೇಕಾದಲ್ಲಿ ಆಕೆಗೆ ಕೆಮ್ಮು ಬರುತ್ತಿತ್ತು.

ಒಳಗೆ ಮೇಜಿನ ಮುಂದೆ ನಿಂತಿದ್ದ ಕುಶಲಾ ನಗಲೂ ಇಲ್ಲ, ಕೆಮ್ಮಲೂ ಇಲ್ಲ.

“ಒಂದು ಚೀಟಿ ಬರೆದು ಕೊಟ್ಟರೆ ಸಾಕು ಸಾರ್” ಎಂದಳು. “ನಾಲ್ಕು ವರ್ಷದಿಂದ ಫಾಲ್ಟ್ ಹುಡುಕ್ತಾಳೆ ಅಂತ.”

ಅದು ಎಂಬತ್ತನಾಲ್ಕನೇ ಇಸವಿ. ಮಣಿಪಾಲದ ಗುಡ್ಡದ ಹಿಂಬದಿಯ ನಮ್ಮ ಕಾರ್ಖಾನೆಯಲ್ಲಿ ಮೈಕ್ ಸೆಟ್ಟಿನ ಆಂಪ್ಲಿಫೈಯರುಗಳು ತಯಾರಾಗುತ್ತಿದ್ದವು. ಯಕ್ಷಗಾನದ ಭಾಗವತರಿಂದ ಹಿಡಿದು ಇಗರ್ಜಿಯ ಪಾದ್ರಿಯವರೆಗೆ ಜಿಲ್ಲೆಯಲ್ಲಿ ಗಟ್ಟಿಯಾಗಿ ಮಾತಾಡುವವರೆಲ್ಲ ನಮ್ಮ ಬೆಸುಗೆಯ ಮೂಲಕವೇ ಮಾತಾಡುತ್ತಿದ್ದರು. ಬೆಸುಗೆ ಹಾಕುವವರು ನಾವು ನಲವತ್ತು ಹೆಂಗಸರು. ಬೆಸೆದ ಬೋರ್ಡನ್ನು ಗಾಜಿನ ಕೋಣೆಯಲ್ಲಿ ಫ್ಯಾನಿನಡಿ ಪರೀಕ್ಷಿಸುವವರು ಐದು ಗಂಡಸರು. ಅವರಿಗೆ ಟೆಸ್ಟರ್ ಎಂಬ ಹೆಸರೂ ಒರಗಿಕೊಳ್ಳುವ ಕುರ್ಚಿಯೂ ಇತ್ತು. ನಮಗೆ ಸ್ಟೂಲು. ನಮ್ಮ ಹೆಸರು ‘ಹುಡುಗಿಯರು’. ಒಲಿಂಡಾ ಬಾಯಿಗೆ ಮೂವರು ಮೊಮ್ಮಕ್ಕಳಿದ್ದರು.

ಬೊಂಬಾಯಿಯಿಂದ ಕಂಪ್ಯೂಟರ್ ಇರುವ ಪರೀಕ್ಷಾ ಯಂತ್ರವೊಂದು ಬರುವುದಿತ್ತು. ಅದನ್ನು ನಡೆಸಲು ನಾಲ್ಕು ಜನ ಬೇಕೆಂದು ನೋಟೀಸ್ ಹಚ್ಚಿದ್ದರು. ಡಿಪ್ಲೊಮಾ ಆಗಿರಬೇಕು, ಇಲ್ಲವಾದರೆ ದೋಷ ಪತ್ತೆಯಲ್ಲಿ ಮೂರು ವರ್ಷದ ಅನುಭವಕ್ಕೆ ಲಿಖಿತ ದಾಖಲೆ ಬೇಕು. ಕೆಲಸ ಖಾಯಂ. ಆ ಕೊನೆಯ ಶಬ್ದವನ್ನು ಕುಶಲಾ ನಿಂತು ಎರಡು ಸಲ ಓದಿದ್ದನ್ನು ನಾನು ನೋಡಿದ್ದೆ. ನಾವು ತಾತ್ಕಾಲಿಕದವರು. ಆರು ತಿಂಗಳಿಗೊಮ್ಮೆ ನಮ್ಮನ್ನು ಎಂಟು ದಿನ ಮನೆಗೆ ಕಳಿಸಿ, ಗುರುತೇ ಇಲ್ಲದವರ ಹಾಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು.

ದೋಷ ಪತ್ತೆಯ ವಿಷಯ ಹೀಗೆ. ಪರೀಕ್ಷೆಯಲ್ಲಿ ಫೇಲಾದ ಬೋರ್ಡಿಗೆ ಟೆಸ್ಟರುಗಳು ಕೆಂಪು ಟೇಪು ಹಚ್ಚುತ್ತಿದ್ದರು. ತಪ್ಪು ಎಲ್ಲಿದೆಯೆಂದು ಹುಡುಕುವುದೂ ಅವರದೇ ಕೆಲಸ. ಅವರು ಹುಡುಕುತ್ತಿದ್ದ ವಿಧಾನವೆಂದರೆ ಬೋರ್ಡು ಹಿಡಿದುಕೊಂಡು ಕುಶಲಾಳ ಬೆಂಚಿಗೆ ಬರುವುದು.

“ಇದು ಕಮಲಳ ಕೈ” ಎನ್ನುವಳು ಕುಶಲಾ, ಬೋರ್ಡನ್ನು ಬೆಳಕಿಗೆ ಓರೆ ಮಾಡಿ. “ನಿನ್ನೆ ಅವಳ ಮಗುವಿಗೆ ಜ್ವರ ಅಂತ ಹನ್ನೊಂದು ಗಂಟೆಗೆ ಸುದ್ದಿ ಬಂತಲ್ಲ. ಅಲ್ಲಿವರೆಗೆ ಹಾಕಿದ್ದು ಗಟ್ಟಿ ಉಂಟು. ಈ ಮೂಲೆಯಿಂದ ಮುಂದೆ ಹಾಕಿದ್ದು ನೋಡಿ.”

ಆ ಮೂಲೆಯಲ್ಲಿ ಒಂದು ಒಣ ಬೆಸುಗೆ ಇದ್ದೇ ಇರುತ್ತಿತ್ತು. ಮೇಲೆ ಹಿಡಿದಂತೆ ಕಾಣುವ, ಒಳಗೆ ಹಿಡಿಯದ ತವರದ ಹನಿ.

ಕುಶಲಾ ಶಂಕರಪುರದವಳು, ಏಳನೇ ವರ್ಷದಿಂದ ಮಲ್ಲಿಗೆ ಕಟ್ಟಿದವಳು. ಹೂವಿನ ಚೆಂಡು ನೋಡಿದರೆ ಅದು ತಾಯಿ ಕಟ್ಟಿದ್ದೋ ಅತ್ತಿಗೆ ಕಟ್ಟಿದ್ದೋ, ಅತ್ತಿಗೆ ಕಟ್ಟಿದ್ದಾದರೆ ಜಗಳಕ್ಕೆ ಮೊದಲೋ ಆಮೇಲೋ ಎಂದು ಹೇಳಬಲ್ಲವಳು. ನಲವತ್ತು ಜನರ ಬೆಸುಗೆಯೂ ಅವಳಿಗೆ ಹಾಗೆಯೇ ಪರಿಚಯ. ಒಲಿಂಡಾ ಬಾಯಿಯದು ಚಪ್ಪಟೆ, ಕಮಲಳದು ಸಾಸಿವೆಯಷ್ಟು ದುಂಡಗೆ, ನನ್ನದು ಉಪವಾಸದ ದಿನ ಬಾಲ ಬಿಡುತ್ತಿತ್ತಂತೆ. ಗಾಜಿನ ಕೋಣೆಯ ಮೀಟರಿಗೆ ವೋಲ್ಟು ಗೊತ್ತಿತ್ತು, ಕಮಲಳ ಮಗುವಿನ ಜ್ವರ ಗೊತ್ತಿರಲಿಲ್ಲ.

“ಅದು ಪತ್ತೆ ಅಲ್ಲ, ಕಣ್ಣಂದಾಜು” ಎಂದರು ರಾಯರು, ಚೀಟಿ ಕೇಳಿ ಮೇಜಿನ ಮುಂದೆ ನಿಂತಿದ್ದ ಕುಶಲಾಳಿಗೆ. “ಸಾರಿಗೆ ಉಪ್ಪು ಹಾಕಿದ ಹಾಗೆ. ಟೆಕ್ನಿಕಲ್ ಅಂದರೆ ಬೇರೆ.” ಹಿರಿಯ ಟೆಸ್ಟರ್ ಮ್ಯಾಕ್ಸಿಮ್‌ನನ್ನು ಕರೆಸಿದರು. “ಹೇಳು ಮಾರಾಯ, ಇವಳು ಫಾಲ್ಟ್ ಹುಡುಕ್ತಾಳಾ?”

ಮ್ಯಾಕ್ಸಿಮ್ ಆ ದಿನ ಬೆಳಿಗ್ಗೆಯಿಂದ ಆರು ಬೋರ್ಡು ತಂದಿದ್ದ. ಅವನು ಫ್ಯಾನು ನೋಡಿದ.

“ಸಹಾಯ ಮಾಡ್ತಾಳೆ ಸಾರ್, ಕೆಲವೊಮ್ಮೆ. ಬೋರ್ಡು ಹಿಡ್ಕೊಳ್ತಾಳೆ.”

“ಕೇಳಿದೆಯಲ್ಲ. ಇದರಲ್ಲಿ ನಿನ್ನ ತಪ್ಪಿಲ್ಲ, ಅದು ಸ್ವಭಾವ. ಬೆಂಗಳೂರಿನ ಸೆಮಿನಾರಿನಲ್ಲಿ ಚಾರ್ಟ್ ಹಾಕಿ ತೋರಿಸಿದ್ದಾರೆ, ಗಂಡಸಿನ ಮಿದುಳು ಬೇರೆ, ಹೆಂಗಸಿನದು ಬೇರೆ ಅಂತ.” ರಾಯರು ಉದಾರವಾಗಿ ಕುರ್ಚಿಗೊರಗಿದರು. “ಆದರೆ ನಾವು ಚರ್ಚೆಗೆ ಹೆದರುವವರಲ್ಲ. ವಾರ್ಷಿಕೋತ್ಸವಕ್ಕೆ ಇದೇ ವಿಷಯ ಇಡುವಾ. ನಿಮಗೂ ತಿಳುವಳಿಕೆ ಬರ್ತದೆ.”

ಹೊರಗೆ ಬಂದ ಮೇಲೆ ಒಲಿಂಡಾ ಬಾಯಿಯ ಕೆಮ್ಮು ನಿಂತಿತು. “ಬೋರ್ಡು ಹಿಡ್ಕೊಳ್ತಾಳಂತೆ. ಬೇವರ್ಸಿ. ಇವನನ್ನು ಹೆರುವಾಗ ಇವನ ಅಮ್ಮನೂ ಏನೋ ಹಿಡ್ಕೊಂಡು ಸಹಾಯ ಮಾಡಿದ್ದಿರಬೇಕು.”

ವಾರ್ಷಿಕೋತ್ಸವ ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ. ‘ಯಂತ್ರ ವಿದ್ಯೆಗೆ ಸ್ತ್ರೀ ಸ್ವಭಾವ ಹೊಂದುವುದೇ?’ ಎಂದು ಬಟ್ಟೆಯ ಮೇಲೆ ಬರೆಸಿದ್ದರು. ಪರವಾಗಿ ಇಬ್ಬರು, ವಿರೋಧವಾಗಿ ಇಬ್ಬರು, ನಾಲ್ವರೂ ಗಂಡಸರು. ತೀರ್ಪಿಗೆ ನಿವೃತ್ತ ಹೆಡ್ಮಾಸ್ತರರು. ನಮಗೂ ಜವಾಬ್ದಾರಿ ಕೊಟ್ಟಿದ್ದರು: ಮಾಲೆ ಕಟ್ಟುವುದು, ಚಹಾ ಕೊಡುವುದು, ಚಪ್ಪಾಳೆ ತಟ್ಟುವುದು.

ವಿರೋಧದವರು ಹೇಳಿದ್ದು ನಮಗೆ ಹೊಸದೇನಲ್ಲ. ಹೆಂಗಸಿನ ಬೆರಳು ಸಣ್ಣದು, ಆದ್ದರಿಂದ ಬೆಸುಗೆಗೆ ಅವಳೇ ಸರಿ. ಯೋಚನೆಯೂ ಸಣ್ಣದು, ಆದ್ದರಿಂದ ಬೆಸುಗೆಯಲ್ಲೇ ಇದ್ದರೆ ಸರಿ. ನಮ್ಮ ಪರವಾಗಿ ಮಾತಾಡಲು ಉಡುಪಿಯಿಂದ ಬಂದ ಕಾಲೇಜು ಅಧ್ಯಾಪಕರೇ ಹೆಚ್ಚು ತೊಂದರೆ ಕೊಟ್ಟರು. ಹೆಂಗಸು ಆದಿಶಕ್ತಿ ಎಂದರು, ಭೂಮಿತಾಯಿ ಎಂದರು, ನದಿ ಎಂದರು. ಇಪ್ಪತ್ತು ನಿಮಿಷದಲ್ಲಿ ಬೆಟ್ಟ ಗುಡ್ಡಗಳನ್ನೂ ಮುಗಿಸಿ, “ಈ ನದಿಗೆ ಒಂದು ಅವಕಾಶ ಕೊಟ್ಟು ನೋಡೋಣ” ಎಂದು ಕೂತರು. ಚಹಾದ ತಟ್ಟೆ ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದ ಕುಶಲಾಳ ಕಡೆ ನೋಡದೆ, “ಸಕ್ಕರೆ ಕಡಿಮೆ” ಎಂದು ಸೇರಿಸಿದರು.

ಸಭೆಯಿಂದ ಪ್ರಶ್ನೆ ಕೇಳಬಹುದೆಂದಾಗ ಒಲಿಂಡಾ ಬಾಯಿ ಎದ್ದಳು.

“ಮಾತಾಡಿದವರಲ್ಲಿ ಒಬ್ಬಳೂ ಹೆಂಗಸು ಇಲ್ಲ, ಅಲ್ವಾ ಸಾರ್?”

“ಬಾಯಮ್ಮ, ನಿಮ್ಮ ವಿಷಯ ನೀವೇ ಮಾತಾಡಿದರೆ ಅದು ಸ್ವಾರ್ಥ ಆಗ್ತದೆ” ಎಂದರು ರಾಯರು. “ಚರ್ಚೆ ನಿಷ್ಪಕ್ಷಪಾತ ಇರಬೇಕು.”

ಹೆಡ್ಮಾಸ್ತರರು ಅಂಕಗಳನ್ನು ಕೂಡಿಸಿ, ಸ್ತ್ರೀ ಸ್ವಭಾವವು ಯಂತ್ರ ವಿದ್ಯೆಗೆ ಮೂರು ಅಂಕಗಳಿಂದ ಹೊಂದುವುದಿಲ್ಲವೆಂದು ತೀರ್ಪು ಕೊಟ್ಟರು. ನಾವು ಚಪ್ಪಾಳೆ ತಟ್ಟಿದೆವು.

ಸೋಮವಾರ ಬೆಳಿಗ್ಗೆ ಮ್ಯಾಕ್ಸಿಮ್ ಎಂದಿನಂತೆ ಕೆಂಪು ಟೇಪಿನ ಬೋರ್ಡು ಹಿಡಿದು ಬಂದ.

“ಕುಶಲಾ, ಇದೊಂದು ನೋಡಿ ಹೇಳು.”

ಕುಶಲಾ ಬೆಸುಗೆಯ ಐರನ್ ಕೆಳಗಿಟ್ಟು, ಬೋರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಿಡಿದುಕೊಂಡೇ ಇದ್ದಳು.

“ಹೇಳು ಮಾರಾಯ್ತಿ.”

“ಹಿಡ್ಕೊಂಡಿದ್ದೇನಲ್ಲ ಮ್ಯಾಕ್ಸಿಮಣ್ಣ. ನನ್ನ ಕೆಲಸ ಅದೇ ಅಂತ ನೀವೇ ಹೇಳಿದ್ದು.”

“ಫಾಲ್ಟ್ ಎಲ್ಲಿ ಉಂಟು ಅಂತ ಹೇಳು.”

“ಅದು ನನಗೆ ಹೇಗೆ ಗೊತ್ತಾಗಬೇಕು? ಮೊನ್ನೆ ಹೆಡ್ಮಾಸ್ತರರು ತೀರ್ಮಾನ ಮಾಡಿ ಹೋದರಲ್ಲ, ಮೂರು ಮಾರ್ಕು.”

ಅವನು ಕಮಲಳ ಬಳಿ ಹೋದ. ಕಮಲ ತನ್ನ ಬೆಸುಗೆಯನ್ನೇ ಮೊದಲ ಬಾರಿಗೆ ನೋಡುವವಳಂತೆ ನೋಡಿದಳು. ಒಲಿಂಡಾ ಬಾಯಿ, “ನನ್ನದು ಸಣ್ಣ ಮಿದುಳು ಮಗಾ, ಅದರಲ್ಲಿ ಇವತ್ತು ಮೀನಿನ ರೇಟು ಉಂಟು, ಜಾಗ ಇಲ್ಲ” ಎಂದಳು.

ಯಾರೂ ಕೆಲಸ ನಿಲ್ಲಿಸಲಿಲ್ಲ. ಮುಷ್ಕರವೆಂದು ಹೇಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ದಿನಕ್ಕೆ ಹಾಕುವಷ್ಟು ಬೆಸುಗೆ ಹಾಕಿದೆವು. ಗೊತ್ತಿದ್ದದ್ದನ್ನು ಮಾತ್ರ ಮರೆತೆವು. ಬುಧವಾರಕ್ಕೆ ಗಾಜಿನ ಕೋಣೆಯ ಮೇಜು ತುಂಬಿತು, ಶುಕ್ರವಾರಕ್ಕೆ ಒರಗುವ ಕುರ್ಚಿಗಳ ಮೇಲೂ ಬೋರ್ಡು ಪೇರಿಸಿ ಟೆಸ್ಟರುಗಳು ನಿಂತರು. ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಅಷ್ಟರೊಳಗೆ ಸೆಟ್ಟು ಕೊಡಬೇಕಿತ್ತು. “ಈ ಸೂಳೆಮಗನ ಬೋರ್ಡಿನಲ್ಲಿ ಎಲ್ಲ ಸರಿ ಉಂಟು, ಆದರೆ ಸ್ವರ ಇಲ್ಲ” ಎಂದು ಮ್ಯಾಕ್ಸಿಮ್ ಒದರುವುದು ಗಾಜು ದಾಟಿ ನಮಗೆ ಕೇಳುತ್ತಿತ್ತು.

ಶನಿವಾರ ರಾಯರು ಸ್ವತಃ ಕುಶಲಾಳ ಬೆಂಚಿಗೆ ಬಂದರು. ಈ ಸಲ ತಮಾಷೆ ಇರಲಿಲ್ಲ.

“ನಾಟಕ ಮಾಡ್ತಿಯಾ? ನಿನಗೆ ಗೊತ್ತುಂಟು ಅಂತ ನನಗೆ ಗೊತ್ತುಂಟು.”

“ಎಂತ ಗೊತ್ತುಂಟು ಸಾರ್?”

“ಫಾಲ್ಟ್ ಎಲ್ಲಿ ಅಂತ.”

“ಹಾಗೆ ಒಂದು ಚೀಟಿ ಬರೆದು ಕೊಡಿ ಸಾರ್.”

“ಚೀಟಿ ಅಲ್ಲ, ಮೆಮೊ ಕೊಡ್ತೇನೆ. ಮನೆಗೆ ಹೋಗಿ ಹೂ ಕಟ್ಟು ಮತ್ತೆ.”

ಮೆಮೊವನ್ನು ಮೂರು ಗಂಟೆಗೆ ಟೈಪಿಸ್ಟ್ ಆಂಜೆಲಾ ತಂದುಕೊಟ್ಟಳು. ಆಫೀಸಿನ ಒಳಗೆ ಕೂರುವ ಒಬ್ಬಳೇ ಹೆಂಗಸು ಅವಳು. ನಮ್ಮ ಜೊತೆ ಮಾತಾಡಬಾರದೆಂದು ಅವಳಿಗೆ ಅಪ್ಪಣೆಯಿತ್ತು. ಮಾತಾಡಲಿಲ್ಲ. ಆದರೆ ಕೊಟ್ಟು ಹೋಗುವ ಬದಲು, ಕುಶಲಾ ಬಿಡಿಸಿ ಓದುವವರೆಗೆ ನಿಂತಳು.

ಕುಶಲಾಳ ಮುಖ ಬಿಳಿಚಿತು. ಮನೆಯಲ್ಲಿ ಅಣ್ಣ ದೇವದಾಸ ಇವಳ ಕೆಲಸವನ್ನು ಹೇಗೂ ನಿಲ್ಲಿಸಲು ಕಾಯುತ್ತಿದ್ದ. ಕಾಗದ ನನ್ನ ಕೈಗೆ ಬಂತು, ನಾನು ಗಟ್ಟಿಯಾಗಿ ಓದಿದೆ.

‘ಆಂಪ್ಲಿಫೈಯರ್ ಬೋರ್ಡುಗಳ ದೋಷ ಪತ್ತೆಯಲ್ಲಿ ತಾವು ಪೂರ್ಣ ಜ್ಞಾನವುಳ್ಳವರಾಗಿದ್ದೂ, ಕಳೆದ ನಾಲ್ಕು ವರ್ಷಗಳಿಂದ ದಿನಂಪ್ರತಿ ಸದರಿ ಕೆಲಸವನ್ನು ಯಶಸ್ವಿಯಾಗಿ ನಿರ್ವಹಿಸುತ್ತ ಬಂದಿದ್ದೂ, ದುರುದ್ದೇಶದಿಂದ ಸದರಿ ಜ್ಞಾನವನ್ನು ತಡೆಹಿಡಿದಿರುವುದರಿಂದ ತಮ್ಮನ್ನು ಏಕೆ ವಜಾ ಮಾಡಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಉತ್ತರಿಸತಕ್ಕದ್ದು.’

ಕೆಳಗೆ ರಾಯರ ಸಹಿ. ಪಕ್ಕದಲ್ಲಿ ಕಾರ್ಖಾನೆಯ ಮೊಹರು.

“ಮೇಲಿನ ಎರಡು ಸಾಲು ಇನ್ನೊಮ್ಮೆ ಓದು ಚಂಪಾ” ಎಂದಳು ಒಲಿಂಡಾ ಬಾಯಿ. ಓದಿದೆ. “ದೇವರೇ, ಎಷ್ಟು ಚಂದ ಬರೆದಿದ್ದಾರೆ. ಯಶಸ್ವಿಯಾಗಿ ಅಂತೆ.”

ಕುಶಲಾ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು, ಬೋರ್ಡು ನೋಡುವ ಹಾಗೆ ಬೆಳಕಿಗೆ ಓರೆ ಮಾಡಿ ನೋಡಿದಳು.

ಹೊಸ ಯಂತ್ರದ ಕೆಲಸದ ಅರ್ಜಿಯ ಜೊತೆ ಇಡುವ ದಾಖಲೆಗೆ ಗೆಜೆಟೆಡ್ ಅಧಿಕಾರಿಯ ಸಹಿಯಾದ ನಕಲು ಬೇಕೆಂದು ನಿಯಮ. ನಮಗೆ ಗೊತ್ತಿದ್ದ ಗೆಜೆಟೆಡ್ ಅಧಿಕಾರಿ ಒಬ್ಬರೇ, ಒಲಿಂಡಾ ಬಾಯಿಯ ಎಮ್ಮೆಯನ್ನು ಎರಡು ಸಲ ಬದುಕಿಸಿದ ಸರ್ಕಾರಿ ಪಶುವೈದ್ಯರು. ಉಡುಪಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೆಮೊದ ನಕಲು ಮಾಡಿಸಿಕೊಂಡು ಸೋಮವಾರ ಬೆಳಿಗ್ಗೆ ಕುಶಲಾ, ಒಲಿಂಡಾ ಬಾಯಿ, ನಾನು ಅವರ ದನದ ಆಸ್ಪತ್ರೆಗೆ ಹೋದೆವು. ಡಾಕ್ಟರು ಒಂದು ಕರುವಿನ ಬಾಯಿಯಿಂದ ಕೈ ಹೊರಗೆ ತೆಗೆದು, ತೊಳೆದು, ಕನ್ನಡಕ ಹಾಕಿದರು.

“ಎಂತ ಇದು? ನೋಟೀಸಾ, ಸರ್ಟಿಫಿಕೇಟಾ?”

“ನಿಮಗೆ ಎಂತ ಕಾಣ್ತದೆ ಡಾಕ್ಟ್ರೇ?” ಎಂದಳು ಕುಶಲಾ.

ಅವರು ಮೊದಲಿನಿಂದ ಮತ್ತೆ ಓದಿದರು. ಭುಜ ಕುಣಿಯತೊಡಗಿತು. “ಮೂಲ ಪ್ರತಿಗೂ ನಕಲಿಗೂ ಹೋಲಿಕೆ ಉಂಟು. ನಾನು ನೋಡಬೇಕಾದ್ದು ಅಷ್ಟೇ” ಎಂದು ಸಹಿ ಹಾಕಿ ಮೊಹರು ಒತ್ತಿದರು. “ವಜಾ ಆದರೆ ಎಂತ ಮಾಡ್ತಿ ಮಗಳೇ?”

“ಆಗ ಎಲ್ಲಿ ಕೇಳಿದರೂ ಹೇಳಬಹುದಲ್ಲ, ಗೊತ್ತುಂಟು ಅಂತ ತೆಗೆದರು ಅಂತ.”

ಹೇಳುವಾಗ ಅವಳ ಧ್ವನಿ ಗಟ್ಟಿಯಿತ್ತು. ಬಸ್ಸಿನಲ್ಲಿ ಮಾತ್ರ ನನ್ನ ಕೈಯನ್ನು ಮಣಿಪಾಲದವರೆಗೆ ಬಿಡಲಿಲ್ಲ.

ಆಫೀಸಿನ ಕಿಟಕಿಯಲ್ಲಿ ಅವಳು ಎರಡು ಹಾಳೆ ಕೊಟ್ಟಳು. ಒಂದು, ಮೆಮೊಗೆ ಉತ್ತರ: ‘ಆರೋಪವನ್ನು ಪೂರ್ತಿಯಾಗಿ ಒಪ್ಪಿಕೊಳ್ಳುತ್ತೇನೆ.’ ಇನ್ನೊಂದು, ಹೊಸ ಯಂತ್ರದ ಕೆಲಸಕ್ಕೆ ಅರ್ಜಿ, ಅನುಭವಕ್ಕೆ ದಾಖಲೆ ಲಗತ್ತಿಸಿದೆ. ಗುಮಾಸ್ತ ಎರಡಕ್ಕೂ ಸ್ವೀಕೃತಿಯ ಮೊಹರು ಒತ್ತಿದ ಮೇಲೆ ಓದಿದ. ಓದಿ ಒಳಗೆ ಓಡಿದ.

ರಾಯರು ಒಂದೊಂದು ಕೈಯಲ್ಲಿ ಒಂದೊಂದು ಹಾಳೆ ಹಿಡಿದು ಬಂದರು. ವಜಾ ಮಾಡಬೇಕಾದರೆ ಅವಳಿಗೆ ಗೊತ್ತಿದೆಯೆನ್ನಬೇಕು, ಅರ್ಜಿ ತಿರಸ್ಕರಿಸಬೇಕಾದರೆ ಗೊತ್ತಿಲ್ಲವೆನ್ನಬೇಕು. ಸೆಮಿನಾರಿನ ಚಾರ್ಟಿನಲ್ಲಿ ಇದಕ್ಕೆ ಜಾಗವಿದ್ದಂತೆ ಕಾಣಲಿಲ್ಲ.

“ಮೆಮೊ ವಾಪಸ್ ಕೊಡು” ಎಂದರು.

“ಅಸಲು ಭದ್ರವಾಗಿ ಉಂಟು ಸಾರ್. ಫ್ರೇಮ್ ಹಾಕಿಸುವ ಅಂತ ಉಂಟು.”

ರಾಯರು ತಲೆಯೆತ್ತಿದಾಗ ಕುಶಲಾಳ ಹಿಂದೆ ಒಲಿಂಡಾ ಬಾಯಿ ನಿಂತಿದ್ದಳು. ಅವಳ ಹಿಂದೆ ನಾನು, ನನ್ನ ಹಿಂದೆ ಕಮಲ. ನಮ್ಮ ಸಾಲು ಬೆಂಚುಗಳ ನಡುವಿನಿಂದ ಬಾಗಿಲು ದಾಟಿ ನೀರಿನ ನಳ್ಳಿಯವರೆಗೆ ಹೋಗಿತ್ತು.

“ನಿಮಗೆಲ್ಲ ಎಂತ ಬೇಕು?”

“ನಮಗೂ ಗೊತ್ತುಂಟು ಸಾರ್” ಎಂದಳು ಒಲಿಂಡಾ ಬಾಯಿ. “ನಮಗೂ ಒಂದೊಂದು ಮೆಮೊ ಬರೆದು ಕೊಡಿ.”

ರಾಯರು ಬಾಯಿ ತೆರೆದರು. ಅದರಿಂದ ಏನಾದರೂ ಹೊರಡುವ ಮೊದಲೇ ಅವರ ಬೆನ್ನ ಹಿಂದೆ ಆಂಜೆಲಾ, ಯಾರೂ ಹೇಳದೆ, ಹೊಸ ಹಾಳೆಯನ್ನು ಟೈಪ್ ಯಂತ್ರಕ್ಕೆ ಏರಿಸಿದಳು.

“ಪೂರ್ತಿ ಹೆಸರು ಹೇಳಿ ಬಾಯಮ್ಮ” ಎಂದಳು. “ನಿಧಾನ ಹೇಳಿ.”