ಗುಡುಗುವೀರನ ಗರ್ಜನೆ ಎಲ್ಲಿಂದ ಬಂತು

ನಂಬಿದರೆ ನಂಬಿ, ಇದು ನಡೆದದ್ದೇ. ಸಿನಿಮಾಗಳಿಗೆ ಸದ್ದು ಕೂಡಿಸುವ ಅಳಿಯ ರಜೆಗೆ ಬಂದವನು, ಅತ್ತೆ ಮಲಗಿದಾಗೆಲ್ಲ ಅವರ ಕೋಣೆಯ ಬಾಗಿಲಲ್ಲೇ ಸುಳಿದಾಡುತ್ತಿದ್ದ. ಅತ್ತೆಗೆ ಅನುಮಾನ ಬಂದು, ಒಡವೆಯ ಬೀರುವಿನ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮಲಗಿದರು. ಎದ್ದು ನೋಡಿದರೆ ಕೀಲಿ ಭದ್ರವಾಗಿದೆ, ದಿಂಬಿನ ಪಕ್ಕ ಮಾತ್ರ ಒಂದು ಮೈಕು!

"ಏನಿದು, ಅಳಿಯಂದಿರೇ?"

"ಮರೆತು ಬಿಟ್ಟಿದ್ದೆ, ಅತ್ತೆ."

"ನನ್ನ ದಿಂಬಿನ ಹತ್ರಾನೇ ಮರೀಬೇಕಿತ್ತಾ?"

ಅಳಿಯ ಸದ್ದು ಕೂಡಿಸಿದ ಸಿನಿಮಾದಲ್ಲಿ ಕಾಮಿಕ್ಸ್‌ನ ಗುಡುಗುವೀರ ತೆರೆಗೆ ಬಂದ ದಿನ ಮನೆಮಂದಿಯೆಲ್ಲ ನೋಡಲು ಹೋದರು. ಪುಸ್ತಕದಲ್ಲಿ ಬರೀ ‘ಘರ್ರ್’ ಎಂಬ ಅಕ್ಷರವಾಗಿದ್ದ ಅವನ ಗರ್ಜನೆಗೆ ಚಿತ್ರಮಂದಿರವೇ ನಡುಗಿತು. ಮಾವ ಮಾತ್ರ ಆಕಳಿಸಿದರು.

"ಮದುವೆ ಆದಾಗಿಂದ ಇದರ ಪಕ್ಕದಲ್ಲೇ ಮಲಗಿದ್ದೀನಿ. ಇದು ನಿನ್ನ ಗೊರಕೆ ಕಣೇ!"

ಅಳಿಯ ತಲೆ ತಗ್ಗಿಸಿದ. ಅತ್ತೆ ಅವನನ್ನು ಗುರಾಯಿಸಿದರು.

"ಹಂಗಿದ್ರೆ ಪೋಸ್ಟರಿನಲ್ಲಿ ನನ್ನ ಫೋಟೋ ಎಲ್ಲಿ?" ಎಂದವರೇ, ಗುಡುಗುವೀರನ ಸದ್ದೂ ಅಡಗುವಂತೆ ನಕ್ಕರು.